ಐಪಿ ಫೋನ್‌ಗೆ ಕಾನ್ಫಿಗರೇಶನ್ ಮತ್ತು ಫರ್ಮ್‌ವೇರ್ ಫೈಲ್ ತಲುಪದಿದ್ದಾಗ: ದೋಷ ಪತ್ತೆ ಹಚ್ಚುವ ಬಗೆ

ಪೆಟ್ಟಿಗೆಯಿಂದ ಈಗಷ್ಟೇ ಹೊರತೆಗೆದ ಐಪಿ ಫೋನ್‌ಗೆ ತನ್ನ ಎಕ್ಸ್‌ಟೆನ್ಶನ್ ಸಂಖ್ಯೆಯಾಗಲಿ, ತಾನು ನೋಂದಾಯಿಸಿಕೊಳ್ಳಬೇಕಾದ ಸಿಪ್ ಸರ್ವರ್ (ಕರೆಗಳನ್ನು ಜೋಡಿಸುವ ಸರ್ವರ್) ಯಾವುದೆಂಬುದಾಗಲಿ, ಅದರ ಪಾಸ್‌ವರ್ಡ್ ಆಗಲಿ ತಿಳಿದಿರುವುದಿಲ್ಲ. ಅದಕ್ಕೆ ಗೊತ್ತಿರುವುದು ತನ್ನ ಮಾದರಿ ಮತ್ತು ತನ್ನ ಮ್ಯಾಕ್ ವಿಳಾಸ (ಕಾರ್ಖಾನೆಯಲ್ಲೇ ಕೊಟ್ಟ ನೆಟ್‌ವರ್ಕ್ ಗುರುತು) ಮಾತ್ರ. ಉಳಿದದ್ದನ್ನೆಲ್ಲ ಅದು ಚಾಲೂ ಆಗುವಾಗ ನೆಟ್‌ವರ್ಕಿನಲ್ಲಿ ಒಂದಾದ ಮೇಲೊಂದರಂತೆ ಕೇಳುತ್ತ ಹೋಗುತ್ತದೆ: ಸ್ವಿಚ್‌ನಿಂದ ವಾಯ್ಸ್ ವಿಲ್ಯಾನ್ (ಫೋನ್‌ಗಳಿಗಾಗಿ ಬೇರ್ಪಡಿಸಿದ ನೆಟ್‌ವರ್ಕ್ ಭಾಗ) ಸಂಖ್ಯೆ, ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್‌ನಿಂದ ಐಪಿ ವಿಳಾಸ ಮತ್ತು ಫೈಲ್ ಸರ್ವರ್‌ನ ವಿಳಾಸ, ಆ ಫೈಲ್ ಸರ್ವರ್‌ನಿಂದ ಕಾನ್ಫಿಗರೇಶನ್ ಫೈಲ್, ಅದರಲ್ಲಿ ನಮೂದಾಗಿರುವ ಫರ್ಮ್‌ವೇರ್ (ಫೋನನ್ನು ನಡೆಸುವ ಒಳಗಿನ ತಂತ್ರಾಂಶ) ತನ್ನಲ್ಲಿ ಇಲ್ಲದಿದ್ದರೆ ಆ ಫರ್ಮ್‌ವೇರ್. ಸಿಪ್ ನೋಂದಣಿ ನಡೆಯುವುದು ಇವೆಲ್ಲ ಮುಗಿದ ಮೇಲೆ. ಈ ಸರಣಿಯ ಯಾವ ಕೊಂಡಿ ಕಳಚಿದರೂ ಮೇಜಿನ ಮುಂದೆ ಕುಳಿತವರಿಗೆ ಕಾಣುವುದು ಒಂದೇ, ಫೋನ್ ಕೆಲಸ ಮಾಡುತ್ತಿಲ್ಲ ಎಂಬುದು. ಆದ್ದರಿಂದ ಪರದೆಯ ಮೇಲಿನ ಸಂದೇಶವನ್ನು ನೋಡಿ ಕಾರಣವನ್ನು ಊಹಿಸುವುದಕ್ಕಿಂತ, ಫೋನ್ ಯಾವ ಪ್ರಶ್ನೆಗೆ ಉತ್ತರ ಸಿಗದೆ ನಿಂತಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು.

ಇಂಥ ಸಂದರ್ಭದಲ್ಲಿ ಬಹಳಷ್ಟು ಮಂದಿ ಮೊದಲು ಮಾಡುವುದು ಫ್ಯಾಕ್ಟರಿ ರೀಸೆಟ್. ಅದನ್ನು ಕೊನೆಗೆ ಇಟ್ಟುಕೊಳ್ಳಿ ಎಂಬುದು ನನ್ನ ಒತ್ತಾಯದ ಸಲಹೆ. ರೀಸೆಟ್ ಮಾಡಿದರೆ ಫೋನ್ ತನ್ನೊಳಗೆ ಉಳಿಸಿಕೊಂಡಿದ್ದ ಹಳೆಯ ಸರ್ವರ್ ವಿಳಾಸ, ಕೈಯಾರೆ ನಮೂದಿಸಿದ ಸೆಟ್ಟಿಂಗ್, ಸರ್ಟಿಫಿಕೇಟ್ ಮತ್ತು ಲಾಗ್ ಎಲ್ಲವೂ ಅಳಿಸಿಹೋಗುತ್ತವೆ. ದೋಷಕ್ಕೆ ಸಾಕ್ಷಿಯಾಗಬಹುದಾಗಿದ್ದ ಮಾಹಿತಿಯೇ ಇಲ್ಲವಾಗುತ್ತದೆ. ಒಂದು ಫೋನ್ ಅದರಿಂದ ಸರಿಹೋದರೂ ಕಾರಣ ತಿಳಿಯದೇ ಉಳಿಯುವುದರಿಂದ, ಅದೇ ತೊಂದರೆ ಇನ್ನೊಂದು ಮಹಡಿಯಲ್ಲಿ ಮತ್ತೆ ಕಾಣಿಸಿಕೊಳ್ಳುತ್ತದೆ.

ಮೊದಲ ಪ್ರಶ್ನೆ: ಫೋನಿನ ಕೋರಿಕೆ ಸರ್ವರ್‌ಗೆ ಮುಟ್ಟಿದೆಯೇ?

ಫೋನಿನ ಮೆನುವಿನಲ್ಲಿ ಸ್ಟೇಟಸ್ ಅಥವಾ ನೆಟ್‌ವರ್ಕ್ ಮಾಹಿತಿಯ ಪುಟವನ್ನು ತೆರೆದು ಐಪಿ ವಿಳಾಸ, ವಿಲ್ಯಾನ್ ಸಂಖ್ಯೆ ಮತ್ತು ಫೈಲ್ ಸರ್ವರ್ ವಿಳಾಸವನ್ನು ಬರೆದುಕೊಳ್ಳಿ. ಬಳಿಕ ಫೈಲ್ ಸರ್ವರ್‌ನ ಲಾಗ್ ತೆರೆದಿಟ್ಟು, ಫೋನನ್ನು ಮರುಚಾಲನೆ ಮಾಡಿ, ಆ ಐಪಿ ವಿಳಾಸದಿಂದ ಯಾವುದಾದರೂ ಕೋರಿಕೆ ಬಂದಿದೆಯೇ ಎಂದು ನೋಡಿ. ಡೆಬಿಯನ್ ಲಿನಕ್ಸ್‌ನಲ್ಲಿ ಸಾಮಾನ್ಯವಾಗಿ ಬಳಸುವ ಟಿಎಫ್‌ಟಿಪಿಡಿ-ಎಚ್‌ಪಿಎ ಎಂಬ ಟಿಎಫ್‌ಟಿಪಿ (ಸರಳ ಫೈಲ್ ವರ್ಗಾವಣೆಯ ಪ್ರೋಟೊಕಾಲ್) ಸರ್ವರ್ ತಾನಾಗಿಯೇ ಪ್ರತಿ ಕೋರಿಕೆಯನ್ನೂ ಲಾಗ್‌ಗೆ ಬರೆಯುವುದಿಲ್ಲ. ಅದರ ವರ್ಬೋಸ್ (ವಿವರವಾಗಿ ಬರೆಯುವ) ಆಯ್ಕೆಯನ್ನು ಮೊದಲೇ ಹಾಕಿಟ್ಟಿರಬೇಕು. ಇಲ್ಲದಿದ್ದರೆ ಖಾಲಿ ಲಾಗ್ ನೋಡಿ ಕೋರಿಕೆ ಬಂದೇ ಇಲ್ಲ ಎಂಬ ತಪ್ಪು ತೀರ್ಮಾನಕ್ಕೆ ಬರುವ ಅಪಾಯವಿದೆ.

ಈ ಒಂದು ನೋಟ ಹುಡುಕಾಟವನ್ನು ಮೂರು ದಾರಿಗಳಾಗಿ ಒಡೆಯುತ್ತದೆ. ಕೋರಿಕೆ ಬಂದಿಲ್ಲವೆಂದಾದರೆ ದೋಷ ವಿಲ್ಯಾನ್, ಡಿಎಚ್‌ಸಿಪಿ ಅಥವಾ ಫೈರ್‌ವಾಲ್‌ನಲ್ಲಿದೆ. ಕೋರಿಕೆ ಬಂದು ಫೈಲ್ ಹೋಗಿಲ್ಲವೆಂದಾದರೆ ಫೈಲಿನ ಹೆಸರು, ಅನುಮತಿ ಅಥವಾ ವರ್ಗಾವಣೆಯ ಹಾದಿಯನ್ನು ನೋಡಬೇಕು. ಫೈಲ್ ಪೂರ್ತಿಯಾಗಿ ಹೋಗಿಯೂ ಫೋನ್ ಬದಲಾಗಿಲ್ಲವೆಂದಾದರೆ ಫೋನ್ ಅದನ್ನು ಒಪ್ಪಿಲ್ಲ ಎಂದರ್ಥ.

ವಿಲ್ಯಾನ್ ಮತ್ತು ಡಿಎಚ್‌ಸಿಪಿ

ಫೋನಿಗೆ ಕಂಪ್ಯೂಟರ್‌ಗಳಿಗಿರುವ ಡೇಟಾ ವಿಲ್ಯಾನ್‌ನ ಐಪಿ ಸಿಕ್ಕಿದ್ದರೆ, ಸ್ವಿಚ್ ಅದಕ್ಕೆ ವಾಯ್ಸ್ ವಿಲ್ಯಾನ್ ಸಂಖ್ಯೆಯನ್ನು ತಿಳಿಸಿಲ್ಲ. ಈ ಸಂಖ್ಯೆ ಸಾಮಾನ್ಯವಾಗಿ ತಲುಪುವುದು ಎಲ್‌ಎಲ್‌ಡಿಪಿ-ಮೆಡ್ ಅಥವಾ ಸಿಸ್ಕೊದ ಸಿಡಿಪಿ ಎಂಬ, ಸ್ವಿಚ್ ಮತ್ತು ಸಾಧನ ಪರಸ್ಪರ ಪರಿಚಯಿಸಿಕೊಳ್ಳುವ ಪ್ರೋಟೊಕಾಲ್‌ಗಳ ಮೂಲಕ. ಹಲವು ಸಿಸ್ಕೊ ಕ್ಯಾಟಲಿಸ್ಟ್ ಸ್ವಿಚ್‌ಗಳಲ್ಲಿ ಸಿಡಿಪಿ ಮೊದಲಿನಿಂದಲೇ ಚಾಲೂ ಇರುತ್ತದೆ, ಎಲ್‌ಎಲ್‌ಡಿಪಿಯನ್ನು ಮಾತ್ರ ನಾವೇ ಚಾಲೂ ಮಾಡಬೇಕು. ಹೀಗಾಗಿ ಅದೇ ಸ್ವಿಚ್‌ನಲ್ಲಿ ಸಿಸ್ಕೊ ಫೋನ್ ಸರಿಯಾಗಿ ಏಳುತ್ತದೆ, ಎಲ್‌ಎಲ್‌ಡಿಪಿಯನ್ನಷ್ಟೇ ನಂಬಿರುವ ಬೇರೆ ಕಂಪನಿಯ ಫೋನ್ ಡೇಟಾ ವಿಲ್ಯಾನ್‌ನಲ್ಲೇ ಉಳಿದುಬಿಡುತ್ತದೆ. ಸ್ವಿಚ್ ಪೋರ್ಟ್‌ನಲ್ಲಿ ಪೋರ್ಟ್‌ಫಾಸ್ಟ್ (ಪೋರ್ಟ್ ಕಾಯದೆ ತೆರೆಯುವ ಸೆಟ್ಟಿಂಗ್) ಹಾಕದಿದ್ದರೆ ಹಳೆಯ ಬಗೆಯ ಸ್ಪ್ಯಾನಿಂಗ್ ಟ್ರೀ (ನೆಟ್‌ವರ್ಕಿನಲ್ಲಿ ಸುತ್ತು ಬೀಳದಂತೆ ತಡೆಯುವ ವ್ಯವಸ್ಥೆ) ಆಲಿಸುವ ಮತ್ತು ಕಲಿಯುವ ಹಂತಗಳಿಗೆ ತಲಾ 15 ಸೆಕೆಂಡ್ ತೆಗೆದುಕೊಳ್ಳುತ್ತದೆ. ಆ ಅರ್ಧ ನಿಮಿಷದಲ್ಲಿ ಫೋನಿನ ಆರಂಭಿಕ ಡಿಎಚ್‌ಸಿಪಿ ಕೋರಿಕೆಗಳು ಎಲ್ಲಿಗೂ ಮುಟ್ಟುವುದಿಲ್ಲ. ಬೆಳಗ್ಗೆ ವಿದ್ಯುತ್ ಬಂದಾಗ ಕೆಲವು ಫೋನ್‌ಗಳು ಮಾತ್ರ ಏಳುವುದಿಲ್ಲ, ತಂತಿ ಕಿತ್ತು ಹಾಕಿದರೂ ಸರಿಯಾಗುವುದಿಲ್ಲ, ಮೆನುವಿನಿಂದ ಮರುಚಾಲನೆ ಮಾಡಿದರೆ ಸರಿಯಾಗುತ್ತದೆ ಎಂಬ ದೂರು ಬಂದರೆ ಇದನ್ನು ಮೊದಲು ನೋಡಿ.

ವಿಲ್ಯಾನ್ ಸರಿಯಿದ್ದೂ ಐಪಿಯೇ ಸಿಗದಿದ್ದರೆ ಆ ವಿಲ್ಯಾನ್‌ನ ಗೇಟ್‌ವೇಯಲ್ಲಿ ಡಿಎಚ್‌ಸಿಪಿ ರಿಲೇ (ಕೋರಿಕೆಯನ್ನು ಬೇರೆ ನೆಟ್‌ವರ್ಕಿನಲ್ಲಿರುವ ಡಿಎಚ್‌ಸಿಪಿ ಸರ್ವರ್‌ಗೆ ದಾಟಿಸುವ ಸೆಟ್ಟಿಂಗ್) ಹಾಕಿದೆಯೇ ಎಂದು ನೋಡಿದರೆ ಸಾಮಾನ್ಯವಾಗಿ ಸಾಕು. ಐಪಿ ಸಿಕ್ಕಿ ಫೈಲ್ ಸರ್ವರ್ ವಿಳಾಸ ಮಾತ್ರ ಖಾಲಿ ಇದ್ದಾಗ ಹೆಚ್ಚು ಗಮನ ಬೇಕು. ಆ ವಿಳಾಸ ಬರುವುದು ಡಿಎಚ್‌ಸಿಪಿ ಆಯ್ಕೆಗಳಲ್ಲಿ, ಅಂದರೆ ಐಪಿಯ ಜೊತೆಗೆ ಒಂದೊಂದು ಸಂಖ್ಯೆ ಹೊತ್ತು ಬರುವ ಹೆಚ್ಚುವರಿ ಮಾಹಿತಿಯಲ್ಲಿ. ಎಲ್ಲ ಕಂಪನಿಗಳೂ ಒಂದೇ ಆಯ್ಕೆಯನ್ನು ಓದುವುದಿಲ್ಲ. 1997ರ ಆರ್‌ಎಫ್‌ಸಿ 2132 ಎಂಬ ಇಂಟರ್‌ನೆಟ್ ಮಾನದಂಡ ನಿಗದಿಪಡಿಸಿದ 66ನೇ ಆಯ್ಕೆಯನ್ನು ಬಹುತೇಕ ಫೋನ್‌ಗಳು ಓದುತ್ತವೆ. ಸಿಸ್ಕೊ ಫೋನ್‌ಗಳು 150ನೇ ಆಯ್ಕೆಗೆ ಆದ್ಯತೆ ಕೊಡುತ್ತವೆ, ಪಾಲಿಕಾಮ್ ಫೋನ್‌ಗಳು ಸಾಮಾನ್ಯವಾಗಿ 160ನೆಯದನ್ನು ಹುಡುಕಿ ಅದು ಸಿಗದಿದ್ದರೆ 66ಕ್ಕೆ ಬರುತ್ತವೆ, ಅವಾಯಾ ಫೋನ್‌ಗಳು 242ನೆಯದನ್ನು ನೋಡುತ್ತವೆ. ಕಂಪ್ಯೂಟರ್‌ಗಳನ್ನು ನೆಟ್‌ವರ್ಕಿನಿಂದ ಬೂಟ್ ಮಾಡುವ ಪಿಎಕ್ಸ್‌ಇ ವ್ಯವಸ್ಥೆಯೂ 66ನೇ ಆಯ್ಕೆಯನ್ನೇ ಬಳಸುವುದರಿಂದ, ಒಂದೇ ಸ್ಕೋಪ್‌ನಲ್ಲಿ (ಡಿಎಚ್‌ಸಿಪಿ ಹಂಚುವ ವಿಳಾಸಗಳ ಗುಂಪಿನಲ್ಲಿ) ಎರಡೂ ಇದ್ದಾಗ ಫೋನ್ ಹೋಗಿ ವಿಂಡೋಸ್ ಇನ್‌ಸ್ಟಾಲ್ ಮಾಡುವ ಸರ್ವರ್‌ನಲ್ಲಿ ತನ್ನ ಫೈಲ್ ಕೇಳುತ್ತದೆ. ಫೋನ್ 60ನೇ ಆಯ್ಕೆಯಲ್ಲಿ ಕಳುಹಿಸುವ ವೆಂಡರ್ ಗುರುತನ್ನು ನೋಡಿ ಬೇರೆ ಉತ್ತರ ಕೊಡುವಂತೆ ಡಿಎಚ್‌ಸಿಪಿ ಸರ್ವರ್‌ನಲ್ಲಿ ನಿಯಮ ಬರೆಯುವುದು ಇದಕ್ಕೆ ಸರಿಯಾದ ಪರಿಹಾರ.

150ನೇ ಆಯ್ಕೆಯ ಬಗೆಯಲ್ಲೇ ಆಗುವ ಒಂದು ತಪ್ಪನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ವಿಂಡೋಸ್ ಡಿಎಚ್‌ಸಿಪಿ ಸರ್ವರ್‌ನಲ್ಲಿ 66ನೇ ಆಯ್ಕೆ ಮೊದಲೇ ಇರುತ್ತದೆ, 150ನೆಯದನ್ನು ನಾವೇ ಸೃಷ್ಟಿಸಬೇಕು. ಅದರ ಬಗೆ ಐಪಿ ವಿಳಾಸಗಳ ಪಟ್ಟಿಯಾಗಿರಬೇಕು. ಅಲ್ಲಿ ಪಠ್ಯ ಎಂದು ಆರಿಸಿ 10.20.0.5 ಎಂದು ಬರೆದರೆ, ತಂತಿಯ ಮೇಲೆ ಹೋಗುವುದು ವಿಳಾಸದ ನಾಲ್ಕು ಬೈಟ್‌ಗಳಲ್ಲ, ಆ ಅಕ್ಷರಗಳ ಆಸ್ಕಿ ಸಂಕೇತಗಳ ಒಂಬತ್ತು ಬೈಟ್‌ಗಳು. ಕೆಲವು ಫೋನ್‌ಗಳು ಅದನ್ನು ತಳ್ಳಿಹಾಕುತ್ತವೆ. ಕೆಲವು ಮೊದಲ ನಾಲ್ಕು ಬೈಟ್‌ಗಳನ್ನೇ ವಿಳಾಸವೆಂದು ಓದಿ 49.48.46.50 ಎಂಬ, ನಿಮ್ಮ ಕಚೇರಿಗೆ ಸಂಬಂಧವೇ ಇಲ್ಲದ ವಿಳಾಸಕ್ಕೆ ಕೋರಿಕೆ ಕಳುಹಿಸುತ್ತವೆ. ಫೋನಿನ ಸ್ಟೇಟಸ್ ಪುಟದಲ್ಲಿ 49 ಅಥವಾ ಅದರ ಆಸುಪಾಸಿನ ಅಂಕಿಗಳಿರುವ ಅಪರಿಚಿತ ಸರ್ವರ್ ವಿಳಾಸ ಕಂಡರೆ ಬೇರೇನನ್ನೂ ಹುಡುಕಬೇಕಾಗಿಲ್ಲ, ಆಯ್ಕೆಯ ಬಗೆಯನ್ನು ತಿದ್ದಿದರೆ ಸಾಕು.

ಇದಕ್ಕೆ ಎರಡು ಮಾತು ಸೇರಿಸಬೇಕು. ಡಿಎನ್‌ಎಸ್‌ಮಾಸ್ಕ್‌ನಂಥ ಡಿಎಚ್‌ಸಿಪಿ ಸರ್ವರ್‌ಗಳು, ಫೋನ್ ತನ್ನ 55ನೇ ಆಯ್ಕೆಯ ಪಟ್ಟಿಯಲ್ಲಿ ಕೇಳಿದ ಆಯ್ಕೆಗಳನ್ನು ಮಾತ್ರ ಕೊಡುತ್ತವೆ. ಸರ್ವರ್‌ನಲ್ಲಿ ಬರೆದಿಟ್ಟ ಮಾತ್ರಕ್ಕೆ ಅದು ತಂತಿಯ ಮೇಲೆ ಹೋಗಿದೆ ಎಂದು ನಂಬಬಾರದು. ಹಾಗೆಯೇ ಫೋನಿನಲ್ಲಿ ಯಾರಾದರೂ ಹಿಂದೆ ಸರ್ವರ್ ವಿಳಾಸವನ್ನು ಕೈಯಾರೆ ನಮೂದಿಸಿದ್ದರೆ, ಸಿಸ್ಕೊದಲ್ಲಾದರೆ ಪರ್ಯಾಯ ಟಿಎಫ್‌ಟಿಪಿ ಎಂಬ ಸೆಟ್ಟಿಂಗ್ ಹೌದು ಎಂದಿದ್ದರೆ, ಡಿಎಚ್‌ಸಿಪಿ ಎಷ್ಟೇ ಸರಿಯಿದ್ದರೂ ಫೋನ್ ಅದರ ಮಾತು ಕೇಳುವುದಿಲ್ಲ.

ಟಿಎಫ್‌ಟಿಪಿ: ಕೋರಿಕೆ ಹೋಗುತ್ತದೆ, ಉತ್ತರ ಬರುವುದಿಲ್ಲ

ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಸಮಯ ತಿನ್ನುವ ದೋಷಗಳು ಟಿಎಫ್‌ಟಿಪಿಯಲ್ಲೇ ಇವೆ. 1992ರ ಆರ್‌ಎಫ್‌ಸಿ 1350ರಲ್ಲಿ ಈಗಿನ ರೂಪ ಪಡೆದ ಈ ಪ್ರೋಟೊಕಾಲ್‌ನ ನಡವಳಿಕೆಯನ್ನು ಒಮ್ಮೆ ಸರಿಯಾಗಿ ತಿಳಿದುಕೊಂಡರೆ ಆ ದೋಷಗಳಲ್ಲಿ ಹೆಚ್ಚಿನವು ತಾವಾಗಿಯೇ ಅರ್ಥವಾಗುತ್ತವೆ.

ಫೋನ್ ತನ್ನ ಕೋರಿಕೆಯನ್ನು ಸರ್ವರ್‌ನ ಯುಡಿಪಿ 69ನೇ ಪೋರ್ಟ್‌ಗೆ ಕಳುಹಿಸುತ್ತದೆ. ಆದರೆ ಸರ್ವರ್ ಉತ್ತರ ಕೊಡುವುದು 69ರಿಂದಲ್ಲ. ಅದು ಆ ವರ್ಗಾವಣೆಗಾಗಿಯೇ ಹೊಸದೊಂದು ಪೋರ್ಟ್ ತೆರೆದು ಅಲ್ಲಿಂದ ಕಳುಹಿಸುತ್ತದೆ. ನಡುವೆ ಇರುವ ಫೈರ್‌ವಾಲ್‌ಗೆ ಟಿಎಫ್‌ಟಿಪಿಯ ಪರಿಚಯ ಇಲ್ಲದಿದ್ದರೆ, ಫೋನ್ 69ರ ಜೊತೆ ಮಾತಾಡಿದ್ದು ಅದಕ್ಕೆ ಗೊತ್ತು, ಈಗ 40112ರಿಂದ ಬರುತ್ತಿರುವ ಪ್ಯಾಕೆಟ್ ಯಾರದ್ದೆಂದು ಗೊತ್ತಿಲ್ಲ, ಹಾಗಾಗಿ ಅದನ್ನು ಬೀಳಿಸಿಬಿಡುತ್ತದೆ. ಸರ್ವರ್‌ನ ಲಾಗ್‌ನಲ್ಲಿ ಅದೇ ಫೈಲಿಗಾಗಿ ಕೆಲವು ಸೆಕೆಂಡ್‌ಗಳಿಗೊಮ್ಮೆ ಕೋರಿಕೆ ಮರುಕಳಿಸುತ್ತಿರುವುದು, ದೋಷದ ಸಂದೇಶ ಒಂದೂ ಇಲ್ಲದಿರುವುದು ಇದರ ಸ್ಪಷ್ಟ ಗುರುತು. ಲಿನಕ್ಸ್ ಫೈರ್‌ವಾಲ್ ಆದರೆ ಟಿಎಫ್‌ಟಿಪಿಯ ಕನೆಕ್ಷನ್ ಟ್ರ್ಯಾಕಿಂಗ್ ಸಹಾಯಕ (ಹೊಸ ಪೋರ್ಟ್‌ನಿಂದ ಬರುವ ಉತ್ತರವನ್ನು ಗುರುತಿಸುವ ಮಾಡ್ಯೂಲ್) ಬೇಕು, ಕರ್ನೆಲ್ 4.7ರಿಂದ ಈಚೆಗೆ ಅದು ತಾನಾಗಿಯೇ ಜೋಡಣೆಯಾಗುವ ವ್ಯವಸ್ಥೆಯನ್ನು ಮೊದಲೇ ಆಫ್ ಮಾಡಲಾಗಿದೆ. ಮಾಡ್ಯೂಲ್ ಲೋಡ್ ಆದರಷ್ಟೇ ಸಾಲದು, ಅದನ್ನು 69ನೇ ಪೋರ್ಟ್‌ಗೆ ಜೋಡಿಸುವ ನಿಯಮವನ್ನೂ ಬರೆಯಬೇಕು. ಹಳೆಯ ಫೈರ್‌ವಾಲ್ ಯಂತ್ರವನ್ನು ಹೊಸ ಲಿನಕ್ಸ್‌ಗೆ ಬದಲಿಸಿದ ಮರುದಿನ ಫೋನ್‌ಗಳು ಏಳದಿದ್ದರೆ ಕಾರಣ ಬಹುಮಟ್ಟಿಗೆ ಇದೇ.

ಪ್ಯಾಕೆಟ್ ಹಿಡಿದು ನೋಡುವವರು ಇಲ್ಲೊಂದು ವಿಷಯ ಗಮನಿಸಬೇಕು. ಟಿಸಿಪಿಡಂಪ್‌ಗೆ ಪೋರ್ಟ್ 69 ಎಂದು ಸೋಸುಕ ಕೊಟ್ಟರೆ ಮೊದಲ ಕೋರಿಕೆ ಮಾತ್ರ ಕಾಣುತ್ತದೆ, ಉತ್ತರವೂ ದತ್ತಾಂಶವೂ ಬೇರೆ ಪೋರ್ಟ್‌ಗಳಲ್ಲಿ ಇರುವುದರಿಂದ ಕಾಣುವುದಿಲ್ಲ. ಸರಿಯಾಗಿ ನಡೆಯುತ್ತಿರುವ ವರ್ಗಾವಣೆಯೂ ಹಾಗೆ ನೋಡಿದರೆ ಸತ್ತಂತೆ ತೋರುತ್ತದೆ. ಆದ್ದರಿಂದ ಫೋನಿನ ಐಪಿ ವಿಳಾಸವನ್ನೇ ಸೋಸುಕವಾಗಿ ಕೊಡಿ. ಸಾಧ್ಯವಾದರೆ ಸರ್ವರ್‌ನ ಬಳಿ ಒಮ್ಮೆ, ಫೋನಿನ ಸ್ವಿಚ್ ಪೋರ್ಟನ್ನು ಮಿರರ್ ಮಾಡಿ ಇನ್ನೊಮ್ಮೆ ಹಿಡಿಯಿರಿ. ಸರ್ವರ್‌ನಿಂದ ಹೊರಟ ಪ್ಯಾಕೆಟ್ ಫೋನಿನ ಕಡೆ ಕಾಣದಿದ್ದರೆ ದೋಷ ನಡುವಿನದ್ದು, ಇದರಲ್ಲಿ ವಾದಕ್ಕೆ ಎಡೆಯಿಲ್ಲ.

ಎರಡನೆಯ ಗುಣ ನಿಧಾನ. ಮೂಲ ಟಿಎಫ್‌ಟಿಪಿ ಒಮ್ಮೆಗೆ 512 ಬೈಟ್‌ಗಳ ಒಂದು ಬ್ಲಾಕ್ ಕಳುಹಿಸಿ, ಅದು ತಲುಪಿತೆಂಬ ಉತ್ತರ ಬರುವವರೆಗೆ ಮುಂದಿನದನ್ನು ಕಳುಹಿಸುವುದಿಲ್ಲ. ಒಂದೇ ಕಟ್ಟಡದೊಳಗೆ ಇದು ತಿಳಿಯುವುದೇ ಇಲ್ಲ. ಆದರೆ ಶಾಖಾ ಕಚೇರಿಗೂ ಕೇಂದ್ರ ಕಚೇರಿಗೂ ನಡುವೆ ಹೋಗಿಬರುವ ವಿಳಂಬ 40 ಮಿಲಿಸೆಕೆಂಡ್ ಇದ್ದರೆ ಸೆಕೆಂಡಿಗೆ ಹೋಗುವುದು 25 ಬ್ಲಾಕ್ ಮಾತ್ರ; 10 ಎಂಬಿಯ ಫರ್ಮ್‌ವೇರ್ 20,480 ಬ್ಲಾಕ್‌ಗಳಾಗುವುದರಿಂದ ಅದೊಂದೇ ಫೈಲಿಗೆ ಸುಮಾರು ಹದಿನಾಲ್ಕು ನಿಮಿಷ ಬೇಕು. ಲಿಂಕ್‌ನ ವೇಗ ಹೆಚ್ಚಿಸಿದರೆ ಇದು ಕಡಿಮೆಯಾಗುವುದಿಲ್ಲ, ಏಕೆಂದರೆ ಕಾಯುತ್ತಿರುವುದು ಬ್ಯಾಂಡ್‌ವಿಡ್ತ್‌ಗಾಗಿ ಅಲ್ಲ. ಬಳಕೆದಾರರು ಫೋನ್ ಕೆಟ್ಟಿತೆಂದುಕೊಂಡು ತಂತಿ ಕಿತ್ತರೆ ಎಲ್ಲವೂ ಮೊದಲಿನಿಂದ ಶುರುವಾಗುತ್ತದೆ. 1998ರ ಆರ್‌ಎಫ್‌ಸಿ 2348ರಂತೆ ಬ್ಲಾಕ್‌ನ ಗಾತ್ರವನ್ನು ಹೆಚ್ಚಿಸಿಕೊಳ್ಳಬಹುದು, ಶಾಖೆಯಲ್ಲೇ ಚಿಕ್ಕದೊಂದು ಫೈಲ್ ಸರ್ವರ್ ಇಡಬಹುದು, ಇಲ್ಲವೇ ಎಚ್‌ಟಿಟಿಪಿಗೆ ಬದಲಾಗಬಹುದು. ಫೋನ್ ಒಪ್ಪುವುದಾದರೆ ಮೂರನೆಯದೇ ಉತ್ತಮ.

ಬ್ಲಾಕ್ ದೊಡ್ಡದು ಮಾಡಿದಾಗ ಇನ್ನೊಂದು ತೊಡಕು ಎದುರಾಗುತ್ತದೆ. ಸಾಮಾನ್ಯ ಈಥರ್ನೆಟ್‌ನ 1500 ಬೈಟ್ ಮಿತಿಯಲ್ಲಿ ಹೆಡರ್‌ಗಳನ್ನು ಕಳೆದು ಉಳಿಯುವುದು 1468 ಬೈಟ್. ವಿಪಿಎನ್ ಸುರಂಗದ ಮಿತಿ ಅದಕ್ಕಿಂತ ಕಡಿಮೆ ಇರುವುದರಿಂದ ಪ್ಯಾಕೆಟ್ ತುಂಡಾಗುತ್ತದೆ, ತುಂಡುಗಳನ್ನು ಯಾವುದೋ ಫೈರ್‌ವಾಲ್ ಬೀಳಿಸುತ್ತದೆ. ಒಂದೇ ಪ್ಯಾಕೆಟ್‌ನಲ್ಲಿ ಹಿಡಿಯುವ ಚಿಕ್ಕ ಫೈಲ್ ಇಳಿದು, ದೊಡ್ಡ ಫೈಲ್ ಮೊದಲನೇ ಬ್ಲಾಕ್‌ನಲ್ಲೇ ನಿಂತಿದ್ದರೆ ಇದನ್ನು ಶಂಕಿಸಿ, ಬ್ಲಾಕ್‌ನ ಗಾತ್ರವನ್ನು 1200ರ ಆಸುಪಾಸಿಗೆ ಇಳಿಸಿ ನೋಡಿ.

ವರ್ಗಾವಣೆಯ ಕೊನೆಯ ಹೊತ್ತಿಗೆ ನಿಲ್ಲುವ ದೋಷಕ್ಕೆ ಬೇರೆ ಕಾರಣವಿದೆ. ಬ್ಲಾಕ್ ಸಂಖ್ಯೆಗೆ ಇರುವುದು 16 ಬಿಟ್, ಅಂದರೆ 65,535ರವರೆಗೆ ಮಾತ್ರ. 512 ಬೈಟ್‌ಗಳ ಲೆಕ್ಕದಲ್ಲಿ ಸುಮಾರು 32 ಎಂಬಿಗೆ ಅದು ಮುಗಿಯುತ್ತದೆ. ಸಂಖ್ಯೆ ಮತ್ತೆ ಸೊನ್ನೆಯಿಂದ ಶುರುವಾಗುವುದನ್ನು ಫೋನ್ ಅಥವಾ ಸರ್ವರ್ ಎರಡರಲ್ಲೊಂದು ಒಪ್ಪದಿದ್ದರೆ ದೊಡ್ಡ ಫರ್ಮ್‌ವೇರ್ ಪ್ರತಿ ಸಲವೂ ಅದೇ ಜಾಗದಲ್ಲಿ ನಿಲ್ಲುತ್ತದೆ.

ಫೈಲಿನ ಹೆಸರು ಮತ್ತು ಅನುಮತಿ

ಫೋನ್ ಕೇಳುವ ಹೆಸರಿನಲ್ಲೇ ಫೈಲ್ ಇರಬೇಕು, ಅಕ್ಷರವೊಂದೂ ತಪ್ಪಬಾರದು. ಸಿಸ್ಕೊ ಫೋನ್ ಎಸ್‌ಇಪಿ ಎಂದು ಶುರುವಾಗಿ ಮ್ಯಾಕ್ ವಿಳಾಸವನ್ನು ದೊಡ್ಡಕ್ಷರದಲ್ಲಿ ಹೊಂದಿರುವ ಎಕ್ಸ್‌ಎಂಎಲ್ ಫೈಲ್ ಕೇಳುತ್ತದೆ. ಯೀಲಿಂಕ್ ಮತ್ತು ಪಾಲಿಕಾಮ್ ಫೋನ್‌ಗಳು ಮ್ಯಾಕ್ ವಿಳಾಸವನ್ನು ಚಿಕ್ಕಕ್ಷರದಲ್ಲಿ ಬರೆದು ಡಾಟ್ ಸಿಎಫ್‌ಜಿ ಸೇರಿಸಿ ಕೇಳುತ್ತವೆ. ಪಾಲಿಕಾಮ್‌ಗೆ ಅದು ಸಿಗದಿದ್ದರೆ ಹನ್ನೆರಡು ಸೊನ್ನೆಗಳ ಹೆಸರಿನ ಸಾಮಾನ್ಯ ಫೈಲಿಗೆ ಬರುತ್ತದೆ. ವಿಂಡೋಸ್ ಸರ್ವರ್‌ನಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳ ವ್ಯತ್ಯಾಸ ಲೆಕ್ಕಕ್ಕೆ ಬರುವುದಿಲ್ಲ, ಲಿನಕ್ಸ್‌ನಲ್ಲಿ ಬರುತ್ತದೆ. ವರ್ಷಗಟ್ಟಲೆ ನಡೆದ ವ್ಯವಸ್ಥೆಯನ್ನು ವಿಂಡೋಸ್‌ನಿಂದ ಲಿನಕ್ಸ್‌ಗೆ ಸಾಗಿಸಿದಾಗ ಅರ್ಧದಷ್ಟು ಫೋನ್‌ಗಳು ಮಾತ್ರ ಏಳುವುದು ಈ ಕಾರಣದಿಂದಲೇ. ಲಾಗ್‌ನಲ್ಲಿ ಬಂದ ಹೆಸರನ್ನು ನಕಲು ಮಾಡಿ ಫೋಲ್ಡರಿನಲ್ಲಿ ಹುಡುಕಿ. ಕಣ್ಣಳತೆಯಲ್ಲಿ ಹೋಲಿಸಬೇಡಿ, ಸೊನ್ನೆಗೂ ಓ ಅಕ್ಷರಕ್ಕೂ ಕಣ್ಣು ಮೋಸಹೋಗುತ್ತದೆ.

ಹೆಸರು ಸರಿಯಿದ್ದೂ ಅನುಮತಿ ನಿರಾಕರಣೆ ಬರುತ್ತಿದ್ದರೆ, ಟಿಎಫ್‌ಟಿಪಿಡಿ-ಎಚ್‌ಪಿಎ ಸಾಮಾನ್ಯವಾಗಿ ಎಲ್ಲರಿಗೂ ಓದಲು ಅನುಮತಿ ಇರುವ ಫೈಲನ್ನು ಮಾತ್ರ ಕೊಡುತ್ತದೆ ಎಂಬುದನ್ನು ನೆನಪಿಡಿ. ರೆಡ್‌ಹ್ಯಾಟ್ ಬಗೆಯ ವ್ಯವಸ್ಥೆಗಳಲ್ಲಿ ಎಸ್‌ಇಲಿನಕ್ಸ್ ಎಂಬ ಭದ್ರತಾ ವ್ಯವಸ್ಥೆಯ ಲೇಬಲ್ ಇನ್ನೊಂದು ತಡೆ: ಹೋಮ್ ಫೋಲ್ಡರಿನಿಂದ ಫೈಲನ್ನು ನಕಲು ಮಾಡದೆ ಸರಿಸಿದ್ದರೆ ಹಳೆಯ ಲೇಬಲ್ ಅದಕ್ಕೆ ಅಂಟಿಕೊಂಡೇ ಬಂದಿರುತ್ತದೆ. ರಿಸ್ಟೋರ್‌ಕಾನ್ ಆಜ್ಞೆಯಿಂದ ಅದು ಸರಿಯಾಗುತ್ತದೆ, ಎಸ್‌ಇಲಿನಕ್ಸನ್ನೇ ಆಫ್ ಮಾಡಬೇಕಾಗಿಲ್ಲ.

ಫೈಲ್ ಸಿಗಲಿಲ್ಲ ಎಂಬ ಸಾಲುಗಳೆಲ್ಲ ದೋಷವಲ್ಲ ಎಂಬುದೂ ಇಲ್ಲಿ ಮುಖ್ಯ. ಸಿಸ್ಕೊ ಫೋನ್ ಮೊದಲು ಸಿಟಿಎಲ್ ಎಂದು ಶುರುವಾಗುವ ಭದ್ರತಾ ಫೈಲ್ ಕೇಳುತ್ತದೆ, ಕ್ಲಸ್ಟರ್ (ಸಿಸ್ಕೊದ ಕರೆ ಸರ್ವರ್‌ಗಳ ಗುಂಪು) ಮಿಶ್ರ ಭದ್ರತಾ ಸ್ಥಿತಿಯಲ್ಲಿ ಇಲ್ಲದಿದ್ದರೆ ಅದು ಇರುವುದೇ ಇಲ್ಲ. ಯೀಲಿಂಕ್ ಫೋನ್ ಡಾಟ್ ಬೂಟ್ ಫೈಲ್ ಕೇಳಿ, ಸಿಗದಿದ್ದರೆ ಸುಮ್ಮನೆ ಮುಂದಕ್ಕೆ ಹೋಗುತ್ತದೆ. ಸರಿಯಾಗಿ ಎದ್ದ ಒಂದು ಫೋನಿನ ಲಾಗನ್ನು ಪಕ್ಕದಲ್ಲಿಟ್ಟುಕೊಂಡು ಹೋಲಿಸಿದರೆ ಯಾವುದು ನಿರುಪದ್ರವಿ, ಯಾವುದು ಅಲ್ಲ ಎಂಬುದು ತಿಳಿಯುತ್ತದೆ.

ಎಚ್‌ಟಿಟಿಪಿಎಸ್ ಬಳಸುವಾಗ

ವೆಬ್ ಸರ್ವರ್‌ನ ಲಾಗ್ ಟಿಎಫ್‌ಟಿಪಿಗಿಂತ ಎಷ್ಟೋ ಸ್ಪಷ್ಟ. 404 ಎಂದರೆ ಹೆಸರು ಅಥವಾ ಹಾದಿ ತಪ್ಪು, 401 ಎಂದರೆ ಪಾಸ್‌ವರ್ಡ್. ಆದರೆ ಸಂಪರ್ಕವನ್ನು ಗೂಢಲಿಪಿಯಲ್ಲಿ ಕಾಪಾಡುವ ಟಿಎಲ್‌ಎಸ್‌ನ ಆರಂಭಿಕ ಮಾತುಕತೆ ಮುರಿದರೆ ಕೋರಿಕೆ ಆ ಲಾಗ್‌ವರೆಗೆ ಬರುವುದೇ ಇಲ್ಲ. ಬ್ರೌಸರ್‌ನಲ್ಲಿ ಅದೇ ವಿಳಾಸ ತೆರೆಯುತ್ತದೆ ಎಂಬುದು ಇಲ್ಲಿ ಪುರಾವೆಯಲ್ಲ, ಏಕೆಂದರೆ ಸರ್ವರ್ ಕಳುಹಿಸದೆ ಬಿಟ್ಟ ಮಧ್ಯಂತರ ಸರ್ಟಿಫಿಕೇಟನ್ನು ಬ್ರೌಸರ್ ಬೇರೆಡೆಯಿಂದ ತಂದುಕೊಳ್ಳಬಹುದು, ಫೋನ್ ತರುವುದಿಲ್ಲ. ಓಪನ್‌ಎಸ್‌ಎಸ್‌ಎಲ್‌ನಿಂದ ಸಂಪರ್ಕಿಸಿ ಸರಪಳಿ ಪೂರ್ತಿಯಾಗಿ ಬರುತ್ತಿದೆಯೇ ಎಂದು ನೋಡಿ. ಫೋನಿನಲ್ಲಿರುವ ಮೂಲ ಸರ್ಟಿಫಿಕೇಟ್‌ಗಳ ಪಟ್ಟಿಯೂ ಹಳೆಯದಾಗಿರಬಹುದು: ಸರ್ಟಿಫಿಕೇಟ್ ನೀಡುವ ಲೆಟ್ಸ್ ಎನ್‌ಕ್ರಿಪ್ಟ್ ಆಧರಿಸಿದ್ದ ಡಿಎಸ್‌ಟಿ ರೂಟ್ ಸಿಎ ಎಕ್ಸ್3 ಎಂಬ ಮೂಲ ಸರ್ಟಿಫಿಕೇಟ್‌ನ ಅವಧಿ 2021ರ ಸೆಪ್ಟೆಂಬರ್ 30ರಂದು ಮುಗಿದಾಗ, ಹೊಸ ಮೂಲವನ್ನು ಅರಿಯದ ಹಳೆಯ ಸಾಧನಗಳ ಸಂಪರ್ಕ ಕಡಿಯಿತು. ಹೊಸ ಲಿನಕ್ಸ್ ಸರ್ವರ್‌ಗಳು ಟಿಎಲ್‌ಎಸ್ 1.2ಕ್ಕಿಂತ ಹಳೆಯದನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ, ಹಳೆಯ ಫರ್ಮ್‌ವೇರ್‌ಗೆ 1.0 ಬಿಟ್ಟು ಬೇರೆ ಬರುವುದಿಲ್ಲ. ಅಂಥ ಫೋನ್‌ಗಳನ್ನು ಒಮ್ಮೆ ಒಳ ನೆಟ್‌ವರ್ಕಿನ ಎಚ್‌ಟಿಟಿಪಿಯಿಂದ ಹೊಸ ಫರ್ಮ್‌ವೇರ್‌ಗೆ ಏರಿಸಿ, ನಂತರ ಎಚ್‌ಟಿಟಿಪಿಎಸ್‌ಗೆ ತರಬೇಕು.

ಗಡಿಯಾರವನ್ನು ಮರೆಯಬೇಡಿ. ಬಹಳಷ್ಟು ಫೋನ್‌ಗಳಲ್ಲಿ ಬ್ಯಾಟರಿ ಇರುವ ಗಡಿಯಾರವಿಲ್ಲ. ಚಾಲೂ ಆದ ಕ್ಷಣದಲ್ಲಿ ಅವುಗಳ ದಿನಾಂಕ ಹಲವಾರು ವರ್ಷ ಹಿಂದಿನದಾಗಿರುವುದರಿಂದ, ನಿಮ್ಮ ಸರ್ಟಿಫಿಕೇಟ್ ಇನ್ನೂ ಜಾರಿಗೆ ಬಂದಿಲ್ಲವೆಂದು ತಿರಸ್ಕರಿಸುತ್ತವೆ. ಡಿಎಚ್‌ಸಿಪಿಯ 42ನೇ ಆಯ್ಕೆಯಲ್ಲಿ ಸಮಯ ತಿಳಿಸುವ ಎನ್‌ಟಿಪಿ ಸರ್ವರ್ ಕೊಟ್ಟರೆ, ಆ ಆಯ್ಕೆಯನ್ನು ಓದುವ ಫೋನ್‌ಗಳಲ್ಲಿ ಇದು ಪರಿಹಾರವಾಗುತ್ತದೆ.

ಫೈಲ್ ಇಳಿದರೂ ಫೋನ್ ಬದಲಾಗದಿದ್ದರೆ

ಎಕ್ಸ್‌ಎಂಎಲ್‌ನಲ್ಲಿ ಒಂದು ಟ್ಯಾಗ್ ಮುಚ್ಚದಿದ್ದರೆ ಫೋನ್ ಇಡೀ ಫೈಲನ್ನು ಬಿಟ್ಟುಬಿಡಬಹುದು, ಎಕ್ಸ್‌ಎಂಎಲ್‌ಲಿಂಟ್‌ನಿಂದ ಪರೀಕ್ಷಿಸಿ. ಪಾಲಿಕಾಮ್‌ನಲ್ಲಿ ಫೋನಿನ ಮೆನು ಅಥವಾ ವೆಬ್ ಪುಟದಿಂದ ಮಾಡಿದ ಬದಲಾವಣೆಗೆ ಕೇಂದ್ರದ ಫೈಲಿಗಿಂತ ಹೆಚ್ಚಿನ ಆದ್ಯತೆ ಇದೆ. ಯಾರೋ ಒಮ್ಮೆ ಅಲ್ಲಿ ಬದಲಿಸಿದ ಸಿಪ್ ವಿಳಾಸ, ನೀವು ಸರ್ವರ್‌ನಲ್ಲಿ ಎಷ್ಟು ತಿದ್ದಿದರೂ ಹಾಗೆಯೇ ಉಳಿಯುತ್ತದೆ.

ಸಿಸ್ಕೊದ ಕರೆ ಸರ್ವರ್ ತಂತ್ರಾಂಶವಾದ ಯೂನಿಫೈಡ್ ಕಮ್ಯುನಿಕೇಶನ್ಸ್ ಮ್ಯಾನೇಜರ್ 8.0ರಿಂದ ಈಚೆಗೆ ಫೋನ್‌ಗಳು ಐಟಿಎಲ್ ಎಂಬ ನಂಬಿಕೆಯ ಪಟ್ಟಿಯನ್ನು ಉಳಿಸಿಕೊಂಡು, ಅದರಲ್ಲಿರುವ ಸರ್ವರ್ ಸಹಿ ಮಾಡಿದ ಕಾನ್ಫಿಗರೇಶನ್ ಮಾತ್ರ ಒಪ್ಪುತ್ತವೆ. ಒಂದು ಕ್ಲಸ್ಟರ್‌ನಿಂದ ಇನ್ನೊಂದಕ್ಕೆ ಸಾಗಿಸಿದ ಫೋನ್ ಹೊಸ ಸರ್ವರ್‌ನಿಂದ ಫೈಲ್ ಇಳಿಸಿಕೊಂಡು, ಸಹಿ ಗುರುತಾಗದೆ ತಳ್ಳಿಹಾಕಿ ಹಳೆಯ ಸೆಟ್ಟಿಂಗ್‌ನಲ್ಲೇ ಉಳಿಯುತ್ತದೆ. ಫೋನಿನ ಸ್ಟೇಟಸ್ ಸಂದೇಶಗಳಲ್ಲಿ ಟ್ರಸ್ಟ್ ಲಿಸ್ಟ್ ಅಪ್‌ಡೇಟ್ ವಿಫಲವಾಯಿತೆಂಬ ಸಾಲು ಕಾಣುತ್ತದೆ. ಸಾಗಿಸುವ ಮುನ್ನ ಎರಡೂ ಕ್ಲಸ್ಟರ್‌ಗಳ ಸರ್ಟಿಫಿಕೇಟ್‌ಗಳನ್ನು ವಿನಿಮಯ ಮಾಡಿದ್ದರೆ ಇದು ಬರುವುದಿಲ್ಲ. ಬಂದ ಮೇಲೆ ಫೋನಿನಲ್ಲಿ ಐಟಿಎಲ್ ಅಳಿಸಲೇಬೇಕು, ನೂರಾರು ಫೋನ್‌ಗಳಿದ್ದಲ್ಲಿ ಅದು ಮೇಜಿನಿಂದ ಮೇಜಿಗೆ ಓಡಾಡುವ ಕೆಲಸ.

ಫರ್ಮ್‌ವೇರ್

ಕಾನ್ಫಿಗರೇಶನ್‌ನಲ್ಲಿ ಬರೆದ ಆವೃತ್ತಿಗೂ ಸರ್ವರ್‌ನಲ್ಲಿರುವ ಫೈಲಿನೊಳಗಿನ ಆವೃತ್ತಿಗೂ ವ್ಯತ್ಯಾಸವಿದ್ದರೆ ಕೆಲವು ಫೋನ್‌ಗಳು ಪ್ರತಿ ಮರುಚಾಲನೆಯಲ್ಲೂ ಅದೇ ಫರ್ಮ್‌ವೇರನ್ನು ಮತ್ತೆ ಬರೆದುಕೊಳ್ಳುತ್ತ ಸುತ್ತುತ್ತವೆ. ಸಿಸ್ಕೊದ ಲೋಡ್ಸ್ ಫೈಲ್ ತಾನು ಫರ್ಮ್‌ವೇರ್ ಅಲ್ಲ, ಇಳಿಸಬೇಕಾದ ಇತರ ಫೈಲ್‌ಗಳ ಪಟ್ಟಿ. ಅವುಗಳಲ್ಲಿ ಒಂದು ಸರ್ವರ್‌ನಲ್ಲಿ ಇಲ್ಲದಿದ್ದರೂ ಅಪ್‌ಗ್ರೇಡ್ ಅರ್ಧಕ್ಕೆ ನಿಲ್ಲುತ್ತದೆ. ತೀರ ಹಳೆಯ ಆವೃತ್ತಿಯಿಂದ ಇತ್ತೀಚಿನದಕ್ಕೆ ನೇರವಾಗಿ ಏರಲು ಆಗದೆ ನಡುವೆ ಒಂದು ಆವೃತ್ತಿ ಹಾಕಬೇಕಾಗುವುದೂ ಉಂಟು, ಇದನ್ನು ಆ ಮಾದರಿಯ ಬಿಡುಗಡೆ ಟಿಪ್ಪಣಿಯಲ್ಲಿ ಓದಿಕೊಂಡೇ ಮುಂದುವರಿಯಬೇಕು. ಮೊದಲು ಒಂದೇ ಫೋನಿನ ಮ್ಯಾಕ್ ಹೆಸರಿನ ಫೈಲಿನಲ್ಲಿ ಹೊಸ ಆವೃತ್ತಿ ನಮೂದಿಸಿ ನೋಡಿ, ನಂತರ ಸಾಮಾನ್ಯ ಫೈಲಿಗೆ ತನ್ನಿ. ಬರೆಯುತ್ತಿರುವಾಗ ವಿದ್ಯುತ್ ಹೋದರೆ ಫೋನ್ ಏಳದೇ ಹೋಗಬಹುದು, ಹಾಗಾಗಿ ನೆಟ್‌ವರ್ಕ್ ತಂತಿಯಲ್ಲೇ ಫೋನಿಗೆ ವಿದ್ಯುತ್ ಕೊಡುವ ಪಿಒಇ ಸ್ವಿಚ್‌ಗೆ ಯುಪಿಎಸ್ ಇರುವುದನ್ನು ಖಚಿತಪಡಿಸಿಕೊಂಡು, ಕಚೇರಿ ಮುಗಿದ ಮೇಲೆ ಈ ಕೆಲಸ ಇಟ್ಟುಕೊಳ್ಳುವುದು ಸರಿ.

ದುರಸ್ತಿಯ ನಂತರ

ಪತ್ತೆ ಹಚ್ಚುವ ಸಲುವಾಗಿ ತೆರೆದ ಫೈರ್‌ವಾಲ್ ನಿಯಮ, ಸಡಿಲಿಸಿದ ಫೋಲ್ಡರ್ ಅನುಮತಿ, ವೆಬ್ ಸರ್ವರ್‌ನ ಡೈರೆಕ್ಟರಿ ಪಟ್ಟಿ ಇವುಗಳನ್ನು ಅಂದೇ ಮುಚ್ಚಿ. ಕಾನ್ಫಿಗರೇಶನ್ ಫೈಲಿನಲ್ಲಿ ಸಿಪ್ ಪಾಸ್‌ವರ್ಡ್ ಹಲವು ಬಾರಿ ಹಾಗೆಯೇ ಓದಬಹುದಾದ ರೂಪದಲ್ಲಿರುತ್ತದೆ. ಮ್ಯಾಕ್ ವಿಳಾಸದ ಮೊದಲರ್ಧ ಕಂಪನಿಯ ಗುರುತಾಗಿ ಎಲ್ಲರಿಗೂ ಲಭ್ಯವಿರುವುದರಿಂದ, ಊಹಿಸಲು ಉಳಿಯುವುದು 24 ಬಿಟ್, ಅಂದರೆ 1,67,77,216 ಹೆಸರುಗಳು. ಇಂಟರ್‌ನೆಟ್‌ಗೆ ತೆರೆದಿರುವ ಸರ್ವರ್ ಮೇಲೆ ಪ್ರೋಗ್ರಾಂ ಒಂದರಿಂದ ಅವನ್ನೆಲ್ಲ ಕೇಳಿ ನೋಡುವುದು ಕಷ್ಟವಲ್ಲ, ಮತ್ತು ಸಿಕ್ಕ ಪಾಸ್‌ವರ್ಡ್‌ನಿಂದ ನಿಮ್ಮ ಲೆಕ್ಕದಲ್ಲಿ ವಿದೇಶಕ್ಕೆ ಕರೆ ಮಾಡುವವರಿದ್ದಾರೆ. ಟಿಎಫ್‌ಟಿಪಿ ಸರ್ವರ್ ವಾಯ್ಸ್ ವಿಲ್ಯಾನ್‌ನಿಂದಾಚೆ ಕಾಣಬಾರದು. ಮನೆಯಿಂದ ಕೆಲಸ ಮಾಡುವವರ ಫೋನ್‌ಗಳಿಗೆ ಹೊರಗಿನಿಂದ ಫೈಲ್ ಕೊಡಲೇಬೇಕಾದರೆ, ಫೋನಿನಲ್ಲಿ ಕಾರ್ಖಾನೆಯಲ್ಲೇ ಹಾಕಿರುವ ಸರ್ಟಿಫಿಕೇಟನ್ನು ಸರ್ವರ್ ಪರಿಶೀಲಿಸಿ, ಅದರಲ್ಲಿರುವ ಮ್ಯಾಕ್ ವಿಳಾಸಕ್ಕೆ ಸೇರಿದ ಫೈಲನ್ನು ಮಾತ್ರ ಕೊಡುವಂತೆ ಎಚ್‌ಟಿಟಿಪಿಎಸ್ ಸಿದ್ಧಪಡಿಸಬೇಕು.